ನಿನ್ನ ಆಯಿ, ನಮ್ಮ ಅಕ್ಕೋರು

ಗೆಳೆಯಾ,

ನಿನ್ನಮ್ಮ, ನಮಗೆಲ್ಲ ಶಾಲೇಲಿ ಪಾಠ ಹೇಳಿದ ಅಕ್ಕೋರು, ತೀರ್ಕೊಂಡ ಹದಿಮೂರನೇ ದಿನ ನಿಮ್ಮನೇಲಿ ಅಷ್ಟೊಂದು ಜನ, ಊಟದ ಗಡಿಬಿಡಿ, ನಿನ್ನ ಹತ್ರ ಕೂತು ಎರಡು ಮಾತಾಡೋಕೂ ಆಗ್ಲಿಲ್ಲ. ಕೈ ತೊಳಿಯೋವಾಗ ನೀನು "ಆಯಿ ನಮಗಿಂತ ಶಾಲೆಗೇ ಜಾಸ್ತಿ ಇದ್ಲು ಮಾರಾಯಾ" ಅಂದ್ಯಲ್ಲ, ಅದು ಅವತ್ತಿಂದ ತಲೇಲೇ ಸುತ್ತುತ್ತಾ ಇದೆ. ಅದಕ್ಕೇ ಬರೀತಿದೀನಿ. ನಮ್ಮ ಶಾಲೇಲಿ ಕಲ್ತೋರೂ ಓದ್ಲಿ ಅಂತ ಎಲ್ಲರಿಗೂ ಕಾಣೋ ಹಾಗೆ ಹಾಕ್ತಿದೀನಿ, ಬೇಜಾರ್ ಮಾಡ್ಕೋಬೇಡ.

ನೀನು ಐದನೇ ಕ್ಲಾಸಿಗೇ ಹುಬ್ಬಳ್ಳಿಗೆ ಮಾವನ ಮನೆಗೆ ಹೋದೆ, ಹಾಗಾಗಿ ಅಕ್ಕೋರ ಸುಮಾರು ಸಂಗತಿ ನೀನು ನೋಡ್ಲೇ ಇಲ್ಲ. ಅಡಿಕೆ ಸುಲಿಯೋ ಕಾಲ ಬಂತು ಅಂದ್ರೆ ನಮ್ಮ ಕಡೆ ದೊಡ್ಡ ಕ್ಲಾಸಿನ ಹೆಣ್ಮಕ್ಕಳು ಶಾಲೆಗೆ ಬರ್ತಿರ್ಲಿಲ್ಲ ನೆನಪಿದ್ಯಾ? ರಾತ್ರಿ ತನಕ ಸುಲಿದು ಬೆಳಿಗ್ಗೆ ಎದ್ದು ಬರೋದಾದ್ರೂ ಹೇಗೆ. ಆಗ ಹಾಜರಿ ನೂರಕ್ಕೆ 80 ಇದ್ದೋರಿಗೆ ತಿಂಗಳಿಗೆ 3 ಕೆಜಿ ಅಕ್ಕಿ ಕೊಡ್ತಿದ್ರು, ಬಿಸಿಯೂಟ ಬರೋದಕ್ಕೂ ಮುಂಚಿನ ಮಾತು ಇದು. ಸುಳ್ಳು ಹಾಜರಿ ಹಾಕಿ ಅಕ್ಕಿ ಕೊಟ್ಬಿಡಿ ಅಂತ ಕೇಳೋಕೆ ಬರೋರೂ ಇದ್ರು. ಅಕ್ಕೋರು ಅದಕ್ಕೆ ಒಪ್ಪಲಿಲ್ಲ. ಬದಲಿಗೆ ಸಂಜೆ ತಾವೇ ಬ್ಯಾಟರಿ ಹಿಡ್ಕೊಂಡು ಸುಲಿಯೋ ಮನೆಗೆ ಹೋಗೋರು, ಒಬ್ರೇ ಹೋಗೋದು ಬೇಡ ಅಂತ ನಮ್ಮಪ್ಪ ನನ್ನನ್ನ ಜೊತೆಗೆ ಕಳಿಸ್ತಿದ್ರು. ಅಂಗಳದಲ್ಲಿ ಗ್ಯಾಸ್‌ಲೈಟು ಉರೀತಿರೋದು, ಸಾಲಾಗಿ ಹೆಂಗಸ್ರು. ಅಕ್ಕೋರು ಹೋಗಿ ಒಂದು ಮೆಟ್ಟುಗತ್ತಿ ಎಳ್ಕೊಂಡು ಆ ಹುಡುಗೀರ ಮಧ್ಯ ಕೂತು ಸುಲಿಯೋಕೆ ಶುರು ಮಾಡೋರು, ಸುಲೀತಾ ಸುಲೀತಾನೇ ಮಗ್ಗಿ ಹೇಳ್ಸೋರು, ಡಬ್ಬಿಗೆ ಇಷ್ಟು ಕೂಲಿ ಆದ್ರೆ ಏಳೂವರೆ ಡಬ್ಬಿಗೆ ಎಷ್ಟು ಅಂತ ಬಾಯಿಲೆಕ್ಕ ಕೇಳೋರು. ತಾವು ಸುಲಿದದ್ದನ್ನೆಲ್ಲ ಆ ಹುಡುಗೀರ ಬುಟ್ಟಿಗೇ ಹಾಕೋರು, ಶಾಲೆಗೆ ಕಳಿಸಿದ್ರೆ ಕೂಲಿ ಹೋಗತ್ತೆ ಅನ್ನೋ ಮಾತು ಮನೇಲಿ ಬರಬಾರ್ದು ಅಂತ. ಹದಿಮೂರನೇ ದಿನ ಬಾವಿಕಟ್ಟೆ ಹತ್ರ ಒಬ್ಳು ಅಳ್ತಾ ನಿಂತಿದ್ಲಲ್ಲ, ನೀನು ಯಾರು ಅಂತ ಕೇಳಿದ್ದೆ, ಅವಳು ಆ ಹುಡುಗೀರಲ್ಲೊಬ್ಳು, ಈಗ ಅಂಗನವಾಡಿ ಟೀಚರ್.

ಇದೆಲ್ಲ ಕೇಳಿ ನಿನಗೆ ನೋಡು ನಾನು ಹೇಳಿದ್ದೇ ನಿಜ ಅನ್ಸಬಹುದು. ಆದ್ರೆ ವಾಪಸ್ ಬರೋ ದಾರೀಲಿ ಅವರ ಮಾತೆಲ್ಲ ನಿಂದೇ. ಹುಬ್ಬಳ್ಳೀಲಿ ಈಗ ಉಂಡಿರ್ತಾನೋ ಇಲ್ವೋ, ಅತ್ತೆ ಹತ್ರ ಇನ್ನೊಂದು ಸಲ ಬಡಿಸು ಅಂತ ಕೇಳೋಕೆ ನಾಚ್ಕೋತಾನೆ, ಹೀಗೇ. ಮನೆಗೆ ಬಂದು ಗಡಿಗೆ ಬೋರಲು ಹಾಕಿ ಅದರ ಮೇಲೆ ನಿನಗೆ ತೊಡೆದೇವು ಅನ್ನೋ ತೆಳು ಸಿಹಿ ತಿಂಡಿ ಮಾಡೋರು, ಎಷ್ಟೇ ಹೊತ್ತಾಗಿರ್ಲಿ. ಮುರಿದು ಹೋದದ್ದು ನನಗೆ, ನೆಟ್ಟಗಿರೋದು ನಿನಗೆ. ಬೆಳಿಗ್ಗೆ ಯಲ್ಲಾಪುರ ಸ್ಟ್ಯಾಂಡಲ್ಲಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಲಿ ಆ ಡಬ್ಬಿ ಕೊಡ್ತಿದ್ದೋನು ನಾನೇ. ನಿನ್ನನ್ನ ದೂರ ಕಳಿಸಿದ್ದು ಅವರಿಗೆ ಸುಲಭ ಇರ್ಲಿಲ್ಲ ಮಾರಾಯಾ.

ಆಮೇಲೆ 2009-10ರಲ್ಲಿ ರಾಜ್ಯದ ಎಲ್ಲಾ ಕಡೆ ಆಟ ಆಡ್ತಾ ಕಲಿಸೋ ನಲಿಕಲಿ ಪದ್ಧತಿ ಬಂದಾಗ ಆ ವಯಸ್ಸಿನಲ್ಲಿ ಬೇರೆಯೋರಾಗಿದ್ರೆ ಇದ್ಯಾಕಪ್ಪಾ ಅಂತಿದ್ರು. ಅಕ್ಕೋರು ಮಾತ್ರ ರಟ್ಟು ಕತ್ತರಿಸ್ಕೊಂಡು ರಾತ್ರಿಯೆಲ್ಲ ಕೂತು ಮಕ್ಕಳಿಗೆ ತೋರ್ಸಿ ಓದಿಸೋ ಮಿಂಚುಪಟ್ಟಿ ಬರೆದ್ರು. ಅದ್ರಲ್ಲಿ ಅ ಆ ಇ ಈ ಅಂತ ಶುರು ಮಾಡಲ್ಲ, ರ ಗ ಸ ದ ಅ ಮೊದಲು. ಐದೇ ಅಕ್ಷರ ಬಂದ್ರೆ ಸಾಕು, ಮಗು ಸರ, ದರ, ಅರಸ, ಗರಗಸ ಅಂತ ಓದ್ಬಿಡತ್ತೆ ನೋಡು ಅಂತ ಖುಷಿಯಿಂದ ಹೇಳ್ತಿದ್ರು.

2020ರ ಲಾಕ್‌ಡೌನಲ್ಲಿ ನಿನ್ನ ಮಗಳಿಗೆ ವಿಡಿಯೋ ಕಾಲಲ್ಲಿ ಕನ್ನಡ ಹೇಳ್ಕೊಟ್ರಲ್ಲ, ಅದು ಇದೇ ಪಟ್ಟಿಗಳಿಂದ. ನಿಮ್ಮನೇಲಿ ನೆಟ್‌ವರ್ಕ್ ಸಿಗಲ್ಲ ಅಂತ ಆ ಮೊಣಕಾಲು ನೋವಲ್ಲೂ ದಿನಾ ನಮ್ಮನೆ ಗುಡ್ಡ ಹತ್ತಿ ಬರೋರು, ನಿನಗೆ ಹೇಳ್ಬೇಡ ಅಂದಿದ್ರು. ನಾನು ಫೋನ್ ಹಿಡ್ಕೊಂಡು ನಿಲ್ತಿದ್ದೆ. ಅವಳು ಮೊದಲ್ನೇ ಸಲ ಗರಗಸ ಅಂತ ತಾನೇ ಕೂಡಿಸಿ ಓದಿದ ದಿನ ಅಕ್ಕೋರು ಕಾಲ್ ಕಟ್ ಆದ್ಮೇಲೂ "ಓದಿದ್ಲು ನೋಡು, ಓದಿದ್ಲು" ಅಂತಾನೇ ಇದ್ರು. ನಿವೃತ್ತಿ ಆಗಿ ಎಷ್ಟೋ ವರ್ಷ ಆದ್ಮೇಲೆ ಅವರ ಮುಖದಲ್ಲಿ ಆ ಕಳೆ ನೋಡಿದ್ದು ಆವತ್ತೇ.

ಪಟ್ಟಿಗಳೆಲ್ಲ ನಿಮ್ಮ ಜಗಲಿ ಕಪಾಟಲ್ಲೇ ಇವೆ, ಮೇಲಿನ ಖಾನೇಲಿ, ಹಳೇ ಸೀರೆ ತುಂಡಲ್ಲಿ ಸುತ್ತಿಟ್ಟಿದಾರೆ. ಮಳೆಗಾಲ ಬಂದ್ರೆ ಗೆದ್ದಲು ಹಿಡಿಯತ್ತೆ. ಅಷ್ಟರೊಳಗೆ ಮಗಳನ್ನೂ ಕರ್ಕೊಂಡು ಬಂದು ತಗೊಂಡು ಹೋಗು. ಬರೋ ಹಿಂದಿನ ದಿನ ಫೋನ್ ಮಾಡು, ಅಂಗನವಾಡಿಯೋಳಿಗೂ ಹೇಳಿರ್ತೀನಿ, ಅವಳು ನಿನ್ನ ಹತ್ರ ಮಾತಾಡ್ಬೇಕಂತೆ.

ನಿನ್ನ ಗೆಳೆಯ