ಪೈಪ್ ಒಡೆದದ್ದನ್ನು ಮುಚ್ಚಿಡಬೇಡ ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನ ಕಾಗದದ ಕೊನೆಯ ಸಾಲು ಎರಡು ದಿನದಿಂದ ತಲೆಯಲ್ಲೇ ಕೂತಿದೆ. "ಮನೆ ಮಾರುವ ಫಾರ್ಮಿನಲ್ಲಿ, ಪೈಪ್ ಒಡೆದಾಗ ಹಾಕಿದ ವಿಮೆ ಕ್ಲೇಮ್ ವಿಷಯ ಬರೆದರೆ ಈ ಮನೆ ಯಾರು ತಗೋತಾರೆ ದೊಡ್ಡಪ್ಪ? ರಿಪೇರಿ ಆಗಿದೆಯಲ್ಲ, ಬಿಟ್ಟುಬಿಡಲಾ?" ಅಂತ ಕೇಳಿದ್ದೀಯ.

ಬಿಡಬೇಡಮ್ಮ.

2021ರ ಫೆಬ್ರವರಿಯ ಚಳಿಯಲ್ಲಿ ಟೆಕ್ಸಾಸ್‌ನ ಎಷ್ಟು ಮನೆಗಳ ಪೈಪ್ ಒಡೆಯಿತು, ಎಷ್ಟು ಜನ ಕರೆಂಟಿಲ್ಲದೆ ನಡುಗಿದರು. ಹ್ಯೂಸ್ಟನ್‌ನಲ್ಲಿ ಮನೆ ಹುಡುಕುವವರಿಗೆ ಆ ಕತೆ ಗೊತ್ತಿರುತ್ತದೆ. ಒಡೆದಿತ್ತು, ಸರಿ ಮಾಡಿಸಿದೆವು ಅಂದರೆ ಯಾರೂ ಓಡಿಹೋಗುವುದಿಲ್ಲ. ಒಬ್ಬಿಬ್ಬರು ಹಿಂದೆ ಸರಿಯಬಹುದು, ಬೆಲೆ ಸ್ವಲ್ಪ ಇಳಿಸಿ ಅನ್ನಬಹುದು. ಅದು ನನಗೂ ಗೊತ್ತು.

ನನಗೆ ಹೆದರಿಕೆ ಇರುವುದು ಆಮೇಲೆ ಗೊತ್ತಾಗುವುದರ ಬಗ್ಗೆ. ಕ್ಲೂ ರಿಪೋರ್ಟ್ ಅಂತ ಒಂದಿದೆ. ಲೆಕ್ಸಿಸ್‌ನೆಕ್ಸಿಸ್ ಅನ್ನುವ ಮಾಹಿತಿ ಕಂಪನಿಯವರು ಇಟ್ಟಿರುತ್ತಾರೆ. ಮನೆಯ ಮೇಲೆ ಆದ ಕ್ಲೇಮ್‌ಗಳು 7 ವರ್ಷದವರೆಗೆ ಅದರಲ್ಲಿರುತ್ತವೆ. ಕೊಳ್ಳುವವರು ಅದನ್ನು ನೇರವಾಗಿ ತರಿಸಲಾಗದು. ಆದರೆ ಬ್ಯಾಂಕ್ ಸಾಲಕ್ಕೆ ಅವರು ವಿಮೆ ಮಾಡಿಸಲೇಬೇಕು, ಆಗ ವಿಮೆ ಕಂಪನಿ ಅದನ್ನು ನೋಡುತ್ತದೆ. ನೀನು ಹೇಳದ ಮಾತನ್ನು ಬೇರೆಯವರ ಬಾಯಿಂದ ಕೇಳಿದರೆ ಅವರಿಗೆ ಹೇಗಾಗಬೇಡ?

ನಿನ್ನ ದೊಡ್ಡಮ್ಮನ ಉಬ್ಬಸ ನೆನಪಿದೆಯಲ್ವಾ? ಡಲ್ಲಾಸ್‌ನ ನಮ್ಮ ಮೊದಲ ಮನೆಯಲ್ಲಿ ಬಚ್ಚಲಿನ ಹಿಂದಿನ ಗೋಡೆಗೆ ಹಿಂದೊಮ್ಮೆ ನೀರು ನುಗ್ಗಿತ್ತಂತೆ. ಮಾರಿದವರು ಬಾಯಿ ಬಿಡಲಿಲ್ಲ. ಮೇಲೆ ಹೊಸ ಬಣ್ಣ, ಒಳಗೆ ಬೂಷ್ಟು. ರಾತ್ರಿಯೆಲ್ಲ ಅವಳು ದಿಂಬಿಗೆ ಒರಗಿ ಕೂತಿರುತ್ತಿದ್ದಳು. ಅವಳ ಉಬ್ಬಸಕ್ಕೆ ಅದೇ ಕಾರಣ ಅಂತ ನಾನು ಹೇಳಲಾರೆ. ಆದರೂ ಆ ಮನೆಯನ್ನು ಬೇಗ ಬಿಟ್ಟುಬಿಡಬೇಕಿತ್ತು ಅನ್ನುವ ಸಂಕಟ ಇವತ್ತಿಗೂ ಹೋಗಿಲ್ಲ. ನಿನ್ನ ಮನೆಗೆ ಬರುವವರಲ್ಲೂ ಯಾರಿಗೋ ಉಬ್ಬಸ ಇರಬಹುದು, ಒಂದು ಕೂಸು ಇರಬಹುದು. ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದೇನೆ.

ಬುದ್ಧಿ ಹೇಳಲು ನಾನು ವಕೀಲನಲ್ಲ. ಆದರೂ ನಿನ್ನ ಹೆಸರಿನ ಕ್ಲೂ ರಿಪೋರ್ಟ್ ನೀನೇ ಮೊದಲು ತರಿಸು. ವರ್ಷಕ್ಕೊಮ್ಮೆ ಪುಕ್ಕಟೆ ಕೊಡುತ್ತಾರೆ. ಅದರಲ್ಲಿ ತಪ್ಪಿದ್ದರೆ ತಿದ್ದಿಸಬಹುದು. ಟೆಕ್ಸಾಸ್‌ನಲ್ಲಿ ಮನೆ ಮಾರಿಸುವ ಏಜೆಂಟರು ಸಾಮಾನ್ಯವಾಗಿ ಕೊಡುವ ಫಾರ್ಮಿನಲ್ಲಿ ಪ್ರವಾಹ ಬಿಟ್ಟು ಬೇರೆ ಹಾನಿಗೆ ಕ್ಲೇಮ್ ಹಾಕಿದ್ದೀರಾ, ಆ ದುಡ್ಡನ್ನು ರಿಪೇರಿಗೆ ಹಾಕದೆ ಉಳಿಸಿಕೊಂಡಿದ್ದೀರಾ ಅಂತ ಬೇರೆ ಬೇರೆ ಪ್ರಶ್ನೆ ಇವೆ. ನೀನು ಪೂರ್ತಿ ಖರ್ಚು ಮಾಡಿದ್ದೀಯ, ಹಾಗೆಂದೇ ಬರೆ. ಪ್ಲಂಬರ್ ಬಿಲ್, ಗೋಡೆ ಒಣಗಿಸಿದವರ ಬಿಲ್, ಫೋಟೋ ಎಲ್ಲ ಒಟ್ಟಿಗೆ ಇಡು. ಯಾವುದಾದರೂ ಸಾಲು ಗೊಂದಲ ಅನಿಸಿದರೆ ವಕೀಲರಿಗೆ ತೋರಿಸು, ನನ್ನ ಮಾತೊಂದನ್ನೇ ನಂಬಿ ಸಹಿ ಹಾಕಬೇಡ.

ಬೆಲೆ ಇಳಿದರೆ ಇಳಿಯಲಿ. ಮಾರಿದ ಮೇಲೆ ಫೋನ್ ಬಂದಾಗಲೆಲ್ಲ ನೀನು ಬೆಚ್ಚಿಬೀಳುವುದು ನನಗೆ ಬೇಡ. ಸಹಿ ಹಾಕುವ ಮುಂಚೆ ಆ ಫಾರ್ಮ್ ಕಳಿಸು, ಭಾನುವಾರ ಫೋನಿನಲ್ಲಿ ಕೂತು ಸಾಲು ಸಾಲಾಗಿ ಓದೋಣ.

ನಿನ್ನ
ದೊಡ್ಡಪ್ಪ