ನೇರಳೆ ಜೇನಿನ ಹೆಸರಿನಲ್ಲಿ ಕೊಟ್ಟ ರುಚಿಯ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಮೀಡ್ ತಯಾರಿಕಾ ಘಟಕ, ಪುಣೆ

ವಿಷಯ: ಕಳೆದ ಭಾನುವಾರ ನಿಮ್ಮ ಘಟಕದಲ್ಲಿ ನೇರಳೆ ಹೂವಿನ ಜೇನು, ಅದನ್ನು ಹುದುಗಿಸಿ ಮಾಡಿದ ಮದ್ಯವಾದ ನೇರಳೆ ಮೀಡ್ ಎಂದು ಹೇಳಿ ಬೇರೆಯದನ್ನು ಕೊಟ್ಟಿರುವ ಬಗ್ಗೆ

ಮಾನ್ಯರೇ,

ಘಟಕ ನೋಡಿ ರುಚಿ ಸವಿಯುವ ಬುಕಿಂಗ್‌ಗೆಂದು ಫೋನ್ ಮಾಡಿದಾಗ ನನ್ನ ಹಿಂದಿ ಕೇಳಿಯೇ ‘ನೀವು ಕರ್ನಾಟಕದವ್ರೇನ್ರಿ?’ ಎಂದವರು ನೀವು. ಧಾರವಾಡ ನಿಮ್ಮೂರು ಎಂದು ತಿಳಿದು ಖುಷಿಯಾಯಿತು. ಆಮೇಲಿನ ಮಾತೆಲ್ಲ ಕನ್ನಡದಲ್ಲೇ ಆಯಿತು. ಆದ್ದರಿಂದ ಈ ದೂರನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನಮ್ಮ ಅಪ್ಪಯ್ಯ ಕುಡಿಯುವವರಲ್ಲ, ಆದರೆ ಸಿದ್ದಾಪುರದ ಕಡೆ ನಲವತ್ತು ವರ್ಷ ಜೇನು ಸಾಕಿದವರು, ಅವರನ್ನು ಕರೆತರಬಹುದೇ ಎಂದು ಆಗಲೇ ಕೇಳಿದ್ದೆ. ‘ಕುಡೀಲಾರದವ್ರಿಗೆ ಮೂರು ಥರದ ಜೇನು ರುಚಿ ನೋಡ್ಲಿಕ್ಕೆ ಕೊಡ್ತೀವ್ರಿ, ಮಹಾಬಳೇಶ್ವರದ ನೇರಳೆ ಜೇನು ಇರ್ತದ, ಕರಕೊಂಡ ಬರ್ರಿ’ ಎಂದಿರಿ. ನೇರಳೆ ಎಂಬ ಒಂದು ಮಾತಿಗೆ ಅಪ್ಪಯ್ಯ ಹೊರಟರು. ಎಪ್ಪತ್ನಾಲ್ಕರ ವಯಸ್ಸಿನಲ್ಲಿ ಅವರು ಇತ್ತೀಚೆಗೆ ಎಲ್ಲಿಗೂ ಬರುವುದಿಲ್ಲ. ನಾನು, ನನ್ನ ಹೆಂಡತಿ, ಮಗಳು, ಅಪ್ಪಯ್ಯ, ನಾಲ್ಕು ಜನಕ್ಕೆ ತಲಾ 900 ರೂಪಾಯಿಯಂತೆ 3,600 ಕಟ್ಟಿದೆವು. ಅಪ್ಪಯ್ಯನಿಗೂ ಪೂರ್ತಿ ದರ ಹಿಡಿದಿರಿ. ಅದಕ್ಕೆ ನನ್ನ ತಕರಾರಿಲ್ಲ.

ಮೂರು ಬಗೆಯ ಜೇನು ಬರಲಿಲ್ಲ. ಬಂದದ್ದು ಒಂದೇ, ಐಸ್‌ಕ್ರೀಮ್ ತಿನ್ನುವ ಪ್ಲಾಸ್ಟಿಕ್ ಚಮಚದ ತುದಿಯಲ್ಲಿ. ಹೆಪ್ಪುಗಟ್ಟಿದ ಹಸುವಿನ ತುಪ್ಪದ ಹಾಗೆ ಬೆಳ್ಳಗೆ, ಸಣ್ಣ ಹರಳುಹರಳಾಗಿ ನಿಂತಿತ್ತು. ತೋರಿಸುತ್ತಿದ್ದ ಹುಡುಗ ‘ಇದು ಜಾಮೂನ್ ಹನಿ, ಮಹಾಬಳೇಶ್ವರದ್ದು’ ಎಂದ. ಅಪ್ಪಯ್ಯ ಚಮಚವನ್ನು ಬೆಳಕಿಗೆ ಹಿಡಿದು ನೋಡಿದರು. ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತರು. ಆಮೇಲೆ ಆ ಚಮಚವನ್ನು ಮೇಜಿನ ಮೇಲಿಟ್ಟು, ನನಗೆ ಮಾತ್ರ ಕೇಳುವಂತೆ ‘ಇದು ನೇರಳೆ ಅಲ್ಲ ತಮ್ಮಾ’ ಎಂದರು.

ನೇರಳೆ ಜೇನು ತಿಂದವರು ಅದನ್ನು ಮರೆಯುವುದಿಲ್ಲ. ಬಣ್ಣ ಗಾಢ. ಮೊದಲು ಸಿಹಿ, ಹಿಂದೆಯೇ ಗಂಟಲ ಬುಡದಲ್ಲಿ ಸಣ್ಣ ಕಹಿ, ಒಗರು. ಮಾರ್ಚ್-ಏಪ್ರಿಲ್‌ನಲ್ಲಿ ಹೂ ಬಿಟ್ಟಾಗ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ತುಡುವೆ ಜೇನುನೊಣಗಳು ಬೆಳಗ್ಗೆಯಿಂದಲೇ ನೇರಳೆ ಮರಕ್ಕೆ ಮುತ್ತುತ್ತವೆ, ಮಳೆಗೆ ಮೊದಲು ಪೆಟ್ಟಿಗೆಯಿಂದ ಜೇನುತುಪ್ಪ ತೆಗೆಯುತ್ತೇವೆ. ನಮ್ಮ ಮನೆಯ ನೇರಳೆ ತುಪ್ಪ ಮಳೆಗಾಲ ಕಳೆದ ಮೇಲೂ ಹೀಗೆ ಬೆಣ್ಣೆಯಂತೆ ಗಟ್ಟಿಯಾದದ್ದನ್ನು ನಾನು ಕಂಡಿಲ್ಲ. ತೆಗೆದ ಕೆಲವೇ ದಿನಗಳಲ್ಲಿ ಬೆಳ್ಳಗೆ ಹೆಪ್ಪುಗಟ್ಟುವುದು ಸಾಸಿವೆ ಜೇನಿನ ಗುಣ. ಅದರಲ್ಲಿ ಗ್ಲೂಕೋಸ್ ಅಂಶ ಹೆಚ್ಚು.

ಇದು ಬರೀ ನಾಲಿಗೆಯ ಮೇಲಿನ ಅನುಮಾನವಾಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ಹುದುಗು ಟ್ಯಾಂಕುಗಳನ್ನು ತೋರಿಸಲು ಒಳಗೆ ಕರೆದುಕೊಂಡು ಹೋದಾಗ ಗೋಡೆಯ ಬದಿಗೆ ನೀಲಿ ಡ್ರಮ್ಮುಗಳಿದ್ದವು. ಎರಡರ ಮೇಲಿನ ಚೀಟಿಯಲ್ಲಿ ‘ಮಲ್ಟಿಫ್ಲೋರಾ, ಭರತ್‌ಪುರ’ ಎಂದಿತ್ತು. ಮಲ್ಟಿಫ್ಲೋರಾ ಎಂದರೆ ಹಲವು ಹೂಗಳ ಜೇನು. ರಾಜಸ್ಥಾನದ ಭರತ್‌ಪುರ ಸಾಸಿವೆ ಜೇನಿಗೆ ಹೆಸರಾದ ಜಾಗ. ನನ್ನ ಮಗಳು ಫೋಟೊ ತೆಗೆದಿದ್ದಾಳೆ, ಪತ್ರದ ಜೊತೆ ಲಗತ್ತಿಸಿದ್ದೇನೆ. ನೇರಳೆ ಜೇನಿನ ಡ್ರಮ್ ಯಾವುದು ಎಂದು ಕೇಳಿದೆ. ‘ಸಬ್ ಏಕ್ ಹೀ ಹೈ ಸರ್’ (ಎಲ್ಲ ಒಂದೇ ಸರ್) ಎಂದ ಆ ಹುಡುಗ. ಅವನನ್ನು ದೂರುತ್ತಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ. ಯಾವ ನೊಣದ ಜೇನು ಎಂದು ಅಪ್ಪಯ್ಯ ಕೇಳಿಸಿದ್ದಕ್ಕೂ ಅವನಲ್ಲಿ ಉತ್ತರ ಇರಲಿಲ್ಲ. ಇಲ್ಲಿಯವರು ಸಾತೇರಿ ಎನ್ನುವ ನಮ್ಮ ತುಡುವೆಯೋ, ಹೊರದೇಶದಿಂದ ಬಂದ ಮೆಲ್ಲಿಫೆರಾವೋ ಎಂಬುದಷ್ಟೇ ಅವರ ಪ್ರಶ್ನೆ.

ಸಾಸಿವೆ ಜೇನು ಕಳಪೆ ಎಂದು ನಾನು ಹೇಳುತ್ತಿಲ್ಲ. ಅದೂ ಒಳ್ಳೆಯ ಜೇನೇ, ಅದರಿಂದಲೂ ಚೆನ್ನಾದ ಮೀಡ್ ಆಗುತ್ತದೆ. ಸಾಸಿವೆ ಎಂದೇ ಹೇಳಿ ಕೊಟ್ಟಿದ್ದರೆ ಅಪ್ಪಯ್ಯ ಇನ್ನೊಂದು ಚಮಚ ಕೇಳುತ್ತಿದ್ದರು.

ಇನ್ನು ಮೀಡ್. ಜೇನಿನಲ್ಲಿ ನೂರಕ್ಕೆ ಎಂಬತ್ತರಷ್ಟು ಸಕ್ಕರೆಯೇ. ಹುದುಗು ಬಂದಾಗ ಆ ಸಕ್ಕರೆ ಆಲ್ಕೋಹಾಲ್ ಆಗುತ್ತದೆ. ಕೊನೆಗೆ ಒಂದು ಮೀಡನ್ನು ಇನ್ನೊಂದರಿಂದ ಬೇರೆ ಮಾಡುವುದು ಹೂವಿನಿಂದ ಬಂದ ಕಂಪು, ಕಹಿ, ಒಗರು. ಬಾಟಲಿಯ ಮೇಲೆ ನೇರಳೆ ಎಂದು ಬರೆದು ನೀವು ಮಾರುತ್ತಿರುವುದು ಅದನ್ನೇ. ನಾನೂ ನನ್ನ ಹೆಂಡತಿಯೂ ಕುಡಿದ ‘ನೇರಳೆ ಮೀಡ್’ನಲ್ಲಿ ಆ ಒಗರಿನ ಸುಳಿವೂ ಇರಲಿಲ್ಲ. ಸಕ್ಕರೆ ಪಾಕದ ಸಿಹಿ, ಮೇಲೆ ಗ್ಯಾಸು. ಅದನ್ನೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಕೊಟ್ಟಿರಿ, ಮೂಗಿಗೆ ಏನೂ ಹತ್ತಲಿಲ್ಲ. ಆರು ಬಗೆಗಳನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಮುಂದಿನ ತಂಡವನ್ನು ಒಳಗೆ ಕರೆದಿರಿ. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಹೊರಗಿಟ್ಟಿದ್ದರೂ ಸಾಕಿತ್ತು.

ನನಗೆ ಇದು ಯಾಕೆ ಇಷ್ಟು ನೋವಾಯಿತು ಎಂದರೆ, ತೊಂಬತ್ತರ ದಶಕದ ಆರಂಭದಲ್ಲಿ ಜೇನುಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ನಮ್ಮ ಕಡೆಯ ತುಡುವೆ ಕುಟುಂಬಗಳು ನೆಲಕಚ್ಚಿದವು. ಅಪ್ಪಯ್ಯನ ಮೂವತ್ತೆಂಟು ಪೆಟ್ಟಿಗೆಗಳಲ್ಲಿ ಉಳಿದದ್ದು ಮೂರು. ಸತ್ತ ಮರಿಗಳನ್ನು ನೊಣಗಳು ಎಳೆದು ತಂದು ಪೆಟ್ಟಿಗೆಯ ಬಾಗಿಲಲ್ಲಿ ಹಾಕುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮೂರರಿಂದ ಮತ್ತೆ ಇಪ್ಪತ್ತು ಮಾಡಲು ಅವರಿಗೆ ಹತ್ತು ವರ್ಷ ಹಿಡಿಯಿತು. ಅಂಥವರ ಕೈಗೆ ಯಾವುದೋ ಜೇನು ಕೊಟ್ಟು ನೇರಳೆ ಎನ್ನಬಾರದಿತ್ತು. ಮಹಾಬಳೇಶ್ವರದ ಸುತ್ತ ಇವತ್ತಿಗೂ ನಿಜವಾದ ನೇರಳೆ ಜೇನು ತೆಗೆಯುವ ಸಾಕಣೆದಾರರಿದ್ದಾರೆ. 2022ರಲ್ಲಿ ಅಲ್ಲಿನ ಮಾಂಘರ್ ದೇಶದ ಮೊದಲ ಜೇನಿನ ಹಳ್ಳಿ ಎನಿಸಿಕೊಂಡಿದೆ. ಅವರ ಊರಿನ ಹೆಸರು ನಿಮ್ಮ ಬಾಟಲಿಯ ಮೇಲಿದ್ದು ಅವರ ಜೇನು ಒಳಗಿಲ್ಲದಿದ್ದರೆ ಅವರಿಗೂ ಅನ್ಯಾಯವೇ.

ನನ್ನ ಬೇಡಿಕೆ ಹೀಗಿದೆ. ಅಂದು ಕೊಂಡ ಎರಡು ಬಾಟಲಿಗಳ ಬ್ಯಾಚ್‌ಗೆ ಬಳಸಿದ ಜೇನಿನ ಖರೀದಿ ಬಿಲ್ಲು ತೋರಿಸಿ. ಅದು ನೇರಳೆಯೇ ಆಗಿದ್ದರೆ ನಾನು ಬರೆದು ಕ್ಷಮೆ ಕೇಳುತ್ತೇನೆ. ಬಿಲ್ಲು ಇಲ್ಲದಿದ್ದರೆ ಜೇನಿನ ಮಾದರಿಯನ್ನು, ಯಾವ ಹೂವಿನದೆಂದು ತಿಳಿಸುವ ಪರಾಗ ಪರೀಕ್ಷೆಗೆ ಕೊಡಿ. 1962ರಿಂದ ಇರುವ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ ನಿಮ್ಮ ಪುಣೆಯಲ್ಲೇ ಇದೆ, ಅಲ್ಲಿ ವಿಚಾರಿಸಬಹುದು. ಎರಡೂ ಆಗದಿದ್ದರೆ ನೇರಳೆ ಎಂಬ ಲೇಬಲ್ ತೆಗೆಯಿರಿ, ಎರಡು ಬಾಟಲಿಯ ಹಣವನ್ನೂ ಅಪ್ಪಯ್ಯನ 900 ರೂಪಾಯಿಯನ್ನೂ ಹಿಂದಿರುಗಿಸಿ. ಒಂದು ಬಾಟಲಿಯ ಸೀಲ್ ಒಡೆದಿಲ್ಲ, ಹಾಗೆಯೇ ಇಟ್ಟಿದ್ದೇನೆ.

ಹದಿನೈದು ದಿನದೊಳಗೆ ಬರಹದಲ್ಲಿ ಉತ್ತರ ಬರದಿದ್ದರೆ ಇದೇ ಪತ್ರವನ್ನು ಫೋಟೊ, ರಸೀದಿಗಳ ಸಮೇತ ಆಹಾರ ಸುರಕ್ಷತಾ ಇಲಾಖೆಗೂ ಗ್ರಾಹಕರ ಆಯೋಗಕ್ಕೂ ಕಳಿಸುತ್ತೇನೆ. ಅಪ್ಪಯ್ಯ ಮುಂದಿನ ತಿಂಗಳು ಊರಿಗೆ ಹೋಗುತ್ತಾರೆ. ಅಷ್ಟರೊಳಗೆ ನಿಜವಾದ ನೇರಳೆ ಜೇನು ನಿಮಗೆ ಸಿಕ್ಕರೆ ತಿಳಿಸಿ, ಅವರನ್ನು ಮತ್ತೊಮ್ಮೆ ಕರೆತರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬುಕಿಂಗ್ ರಸೀದಿ, ಬಾಟಲಿಗಳ ಬಿಲ್ಲು, ಡ್ರಮ್ಮಿನ ಚೀಟಿಯ ಎರಡು ಫೋಟೊ