ಕಿಟ್ ಮನೆ ಬಾಗಿಲಿಗೆ ಮುಟ್ಟಿಸಿದವರಿಗೆ

2020ರ ಮಾರ್ಚ್ 25ರ ಲಾಕ್‌ಡೌನ್‌ನಿಂದ ಬೆಂಗಳೂರಿನಲ್ಲಿ ನಡೆದ ನಮ್ಮ ರೇಷನ್ ಕಿಟ್ ಹಂಚಿಕೆ ಈ ವಾರಕ್ಕೆ ಮುಗಿಯುತ್ತಿದೆ. ದುಡ್ಡು ಕೊಟ್ಟವರಿಗೆ ರಸೀದಿಯ ಜೊತೆಗೇ ಧನ್ಯವಾದ ಹೇಳಿದ್ದೇವೆ. ಇದು ಮೈಮುರಿದು ದುಡಿದವರಿಗೆ.

ಒಂದು ಕಿಟ್ಟು ನಾಲ್ಕು ಜನರಿಗೆ ಹತ್ತು ದಿನ, ದಿನಕ್ಕೆರಡು ಊಟ. ಒಬ್ಬರಿಗೆ ಹೊತ್ತಿಗೆ 125 ಗ್ರಾಂ ಅಕ್ಕಿ, 25 ಗ್ರಾಂ ಬೇಳೆ ಎಂದು ಹಿಡಿದರೆ 10 ಕೆಜಿ ಅಕ್ಕಿ, 2 ಕೆಜಿ ತೊಗರಿಬೇಳೆ ಆಗುತ್ತದೆ. ಜೊತೆಗೆ ಒಂದು ಲೀಟರ್ ಎಣ್ಣೆ, ಉಪ್ಪು, ಖಾರದಪುಡಿ, ಅರಿಶಿನ, ಎರಡು ಸೋಪು. ಭಾರ ಬಿದ್ದರೆ ಎಣ್ಣೆ ಪ್ಯಾಕೆಟ್ ಒಡೆಯುತ್ತದೆ. ಸೋಪಿನ ವಾಸನೆ ಅಕ್ಕಿಗೆ ಹತ್ತಿದರೆ ಅನ್ನ ಬಾಯಿಗಿಡಲಾಗದು. ಅಕ್ಕಿ ತಳಕ್ಕೆ, ಎಣ್ಣೆ ಎಲ್ಲಕ್ಕಿಂತ ಮೇಲೆ, ಸೋಪು ಬೇರೆ ಕವರಿನಲ್ಲಿ. ಈ ಕ್ರಮ ತಪ್ಪದೆ ಕಟ್ಟಿಕೊಟ್ಟ ಸ್ತ್ರೀಶಕ್ತಿ ಸಂಘದ ಅಕ್ಕಂದಿರಿಗೆ ಮೊದಲ ನಮಸ್ಕಾರ. ಅರ್ಧಕ್ಕರ್ಧ ಜನ ಊರಿಗೆ ಹೋಗಿದ್ದರೂ ಯಶವಂತಪುರ ಎಪಿಎಂಸಿಯಲ್ಲಿ ಲಾರಿ ತುಂಬಿಸಿದ ಹಮಾಲರಿಗೂ.

ಪಡಿತರ ಚೀಟಿ ಇದ್ದವರಿಗೆ ಏಪ್ರಿಲ್‌ನಿಂದ ತಲೆಗೆ 5 ಕೆಜಿ ಹೆಚ್ಚುವರಿ ಧಾನ್ಯದ ಆಸರೆ ಇತ್ತು. ಬಿಹಾರ, ಒಡಿಶಾದಿಂದ ಬಂದ ಕಟ್ಟಡ ಕಾರ್ಮಿಕರದು ಮಾತ್ರ ಚೀಟಿ ಊರಲ್ಲಿ, ಹೊಟ್ಟೆ ಇಲ್ಲಿ. ಅವರ ಶೆಡ್‌ಗಳು ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. ಎಷ್ಟು ತಲೆ, ಎಷ್ಟು ಮಕ್ಕಳು, ಒಲೆ ಇದೆಯೇ, ಗ್ಯಾಸ್ ಉಳಿದಿದೆಯೇ ಎಂದು ವಿಚಾರಿಸಿ ಹೇಳಿದವರು ಆಶಾ ಕಾರ್ಯಕರ್ತೆಯರು. ಆ ಒಲೆಯ ಪ್ರಶ್ನೆ ನಮ್ಮ ಇಡೀ ಹಂಚಿಕೆಯನ್ನೇ ಬದಲಿಸಿತು. ಒಲೆ ಇದ್ದ ಕಡೆ ಅರ್ಧ ಅಕ್ಕಿಯ ಬದಲು ಗೋಧಿ ಹಿಟ್ಟು, ಆಲೂಗಡ್ಡೆ ಕೊಟ್ಟೆವು. ಇಲ್ಲದ ಕಡೆಗೆ ಬೇಯಿಸಿದ ಊಟವೇ ಹೋಗಬೇಕಿತ್ತು.

ಬೇಸಿಗೆಯಲ್ಲಿ ಊಟದ ಪೊಟ್ಟಣ ಕಳಿಸುವುದು ಸುಲಭವಲ್ಲ. ಬಿಸಿ ಅನ್ನವನ್ನು ಹಾಗೇ ಮುಚ್ಚಿದರೆ ಹಬೆ ನೀರಾಗಿ ಇಳಿದು ಮಧ್ಯಾಹ್ನದೊಳಗೆ ಹಳಸುತ್ತದೆ. ತೆಂಗಿನಕಾಯಿ ಬಿದ್ದರೆ ಇನ್ನೂ ಬೇಗ. ತುಂಬ ಹೊತ್ತು ಆರಲು ಬಿಟ್ಟರೂ ಕೆಡುತ್ತದೆ. ನಮ್ಮ ಭಟ್ಟರು ಕಾಯಿ ಬಿಟ್ಟು, ಹುಣಸೆಹುಳಿ ಹಾಕಿ ಪುಳಿಯೋಗರೆಯನ್ನೇ ಹೆಚ್ಚು ಮಾಡಿದರು, ಅಗಲ ತಟ್ಟೆಗಳಲ್ಲಿ ಹರಡಿ ಹಬೆ ಹೋದ ಕೂಡಲೇ ಕಟ್ಟಿದರು. ಆಟೋ ಚಾಲಕರು ಒಂದು ತಾಸಿನೊಳಗೆ ಮುಟ್ಟಿಸಿದರು. ಬಾಡಿಗೆಯಿಲ್ಲದೆ ಅವರ ಮನೆಗಳೂ ಕಷ್ಟದಲ್ಲಿದ್ದ ದಿನಗಳವು.

ಮಳೆ ಶುರುವಾದರೆ ಅಕ್ಕಿಗೆ ಹುಳ ಬೀಳುತ್ತದೆ. ಗೋದಾಮಿನಲ್ಲಿ ಉಳಿದ ಚೀಲಗಳನ್ನು ಈ ಶನಿವಾರದೊಳಗೆ ಅದೇ ಶೆಡ್‌ಗಳಿಗೆ ಕಳಿಸುತ್ತೇವೆ. ಆಶಾ ಅಕ್ಕಂದಿರು ಹೊಸ ಪಟ್ಟಿ ಆಗಲೇ ಕೊಟ್ಟಿದ್ದಾರೆ.